ಫೋಲ್ಡರ್ ಕಾಯುವುದಕ್ಕೆ ಮೂರು ದಾರಿ: ನಾನು ಕ್ರಾನ್‌ಗೆ ಬಂದು ನಿಂತದ್ದು ಏಕೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಗರ, ತೀರ್ಥಹಳ್ಳಿ, ಹೊಸನಗರದ ಶಾಖೆಗಳು ಪ್ರತಿ ಸಂಜೆ ಆ ದಿನದ ವಹಿವಾಟಿನ ಸಿಎಸ್‌ವಿ ಫೈಲನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾಲುಗಳ ಪಟ್ಟಿ) ಎಸ್‌ಎಫ್‌ಟಿಪಿ ಎಂಬ ಸುರಕ್ಷಿತ ಫೈಲ್ ವರ್ಗಾವಣೆಯ ಮೂಲಕ ಕಳಿಸುತ್ತವೆ. ಅದು ಬಂದೊಡನೆ ತಾನಾಗಿಯೇ ರೈತರ ಖಾತೆಗೆ ಏರಬೇಕು. ಇದಕ್ಕೆ ಮೂರು ದಾರಿಗಳನ್ನು ಬಳಸಿ ನೋಡಿದ ಮೇಲೆ ನಾನು ನೆಚ್ಚಿಕೊಂಡಿರುವುದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ (ಗೊತ್ತುಮಾಡಿದ ಸಮಯಕ್ಕೆ ಕೆಲಸ ಶುರುಮಾಡುವ ಲಿನಕ್ಸ್‌ನ ಸೌಲಭ್ಯ) ಮತ್ತು ಒಂದು ಚಿಕ್ಕ ಶೆಲ್ ಸ್ಕ್ರಿಪ್ಟನ್ನು, ಅಂದರೆ ಸರ್ವರ್‌ಗೆ ಕೊಡುವ ಆಜ್ಞೆಗಳ ಪಟ್ಟಿಯನ್ನು.

ಮೊದಲು ಕೊಂಡದ್ದು ಫೋಲ್ಡರ್ ಕಾಯುವ ಸೌಲಭ್ಯವೂ ಇರುವ ಸಿದ್ಧ ತಂತ್ರಾಂಶ. ಕೆಲಸದಲ್ಲಿ ದೋಷವಿರಲಿಲ್ಲ. ವರ್ಷವರ್ಷವೂ ಪರವಾನಗಿಗೆ ಹಣ ಕಟ್ಟುವುದು ಮೂರು ಶಾಖೆಗಳ ಮಂಡಿಗೆ ಹೊರೆಯಾಗಿ, ಎರಡನೆಯ ವರ್ಷ ನವೀಕರಿಸಲಿಲ್ಲ.

ಆಮೇಲೆ ಇನೋಟಿಫೈ, ಅಂದರೆ ಫೋಲ್ಡರ್‌ನಲ್ಲಿ ಏನಾದರೂ ಬದಲಾದರೆ ಸುದ್ದಿ ಕೊಡುವ ವ್ಯವಸ್ಥೆ. 2005ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.13ನೇ ಆವೃತ್ತಿಗೆ ಸೇರಿದ ಈ ವ್ಯವಸ್ಥೆ, ಬರೆಯಲು ತೆರೆದ ಫೈಲ್ ಮುಚ್ಚಿದ ಕ್ಷಣವೇ ‘ಕ್ಲೋಸ್ ರೈಟ್’ ಎಂಬ ಸಂಕೇತ ಕೊಡುತ್ತದೆ. ಮುಚ್ಚಿತೆಂದರೆ ಪೂರ್ತಿ ಬಂದಿದೆ ಎಂದೇ ನಾನು ನಂಬಿದ್ದೆ.

ಆಷಾಢದ ಒಂದು ಸಂಜೆ ತೀರ್ಥಹಳ್ಳಿಯ ಕಡೆ ಮಳೆ ಜೋರಾಗಿ, ಫೈಲ್ ಬರುತ್ತಿರುವಾಗಲೇ ಸಂಪರ್ಕ ಕಡಿಯಿತು. 412 ಸಾಲುಗಳಿರಬೇಕಾದಲ್ಲಿ 187 ಇದ್ದವು. ಕೊನೆಯ ಸಾಲು ‘ಗೊರಬ’ ಎಂಬಲ್ಲಿಗೆ ನಿಂತಿತ್ತು, ಗೊರಬಲು ಎಂಬ ಅಡಿಕೆಯ ಬಗೆಯ ಹೆಸರಿನ ‘ಲು’ ಬಂದಿರಲಿಲ್ಲ, ತೂಕವೂ ದರವೂ ಇರಲಿಲ್ಲ. ಸಂಪರ್ಕ ಕಡಿದಾಗ ಸರ್ವರ್‌ನಲ್ಲಿ ಆ ಫೈಲನ್ನು ಬರೆಯುತ್ತಿದ್ದ ಪ್ರೋಗ್ರಾಂ ಕೊನೆಗೊಳ್ಳುತ್ತದೆ, ಅದರೊಂದಿಗೆ ಕರ್ನಲ್ ಫೈಲನ್ನು ಮುಚ್ಚುತ್ತದೆ, ಮುಚ್ಚಿದೊಡನೆ ಅದೇ ಸಂಕೇತ ಹೊರಡುತ್ತದೆ. ಅರ್ಧಕ್ಕೂ ಪೂರ್ತಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಮರುದಿನ ಶಾಖೆಯ ಗುಮಾಸ್ತರಿಂದ ಪಟ್ಟಿ ತರಿಸಿ, ಬಿಟ್ಟುಹೋದ ಸಾಲುಗಳನ್ನು ಕೈಯಲ್ಲೇ ಸೇರಿಸಬೇಕಾಯಿತು. ತಮ್ಮ ಅಡಿಕೆಯ ಲೆಕ್ಕ ಖಾತೆಯಲ್ಲಿ ಕಾಣದೆ ರೈತರು ಗಾಬರಿಯಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಫೈಲಿನ ಗಾತ್ರ ಎರಡು ನಿಮಿಷ ಬದಲಾಗದಿದ್ದರೆ ಎತ್ತಿಕೊಳ್ಳುವ ಉಪಾಯವೂ ಇಲ್ಲಿ ಫಲಿಸದು, ಏಕೆಂದರೆ ಅರ್ಧಕ್ಕೆ ನಿಂತ ಫೈಲಿನ ಗಾತ್ರವೂ ಬದಲಾಗುವುದಿಲ್ಲ. ಪರಿಹಾರವಿರುವುದು ಕಳಿಸುವ ಕಡೆ: ತಾತ್ಕಾಲಿಕ ಹೆಸರಿನಲ್ಲಿ ಏರಿಸಿ, ಪೂರ್ತಿಯಾದ ಮೇಲೆ ನಿಜವಾದ ಹೆಸರಿಡಬೇಕು. ಶಾಖೆಗಳಲ್ಲಿ ಫೈಲ್ ಕಳಿಸಲು ಬಳಸುವ ವಿನ್‌ಎಸ್‌ಸಿಪಿ ತಂತ್ರಾಂಶ ‘ಫೈಲ್‌ಪಾರ್ಟ್’ ಎಂಬ ಬಾಲ ಸೇರಿಸಿ ಇದನ್ನು ತಾನೇ ಮಾಡುತ್ತದೆ, ಆದರೆ ಸೆಟ್ಟಿಂಗ್ ಬದಲಿಸದಿದ್ದರೆ 100 ಕಿಲೋಬೈಟ್ ಮೀರಿದ ಫೈಲ್‌ಗಳಿಗೆ ಮಾತ್ರ. ನಮ್ಮ ಫೈಲ್‌ಗಳು 40 ಕಿಲೋಬೈಟ್ ದಾಟುವುದಿಲ್ಲ. ಮೂರೂ ಶಾಖೆಗಳಿಗೆ ಹೋಗಿ ಅದನ್ನು ಎಲ್ಲ ಫೈಲ್‌ಗಳಿಗೂ ಅನ್ವಯವಾಗುವಂತೆ ಬದಲಿಸಿ ಬಂದೆ.

ಇಷ್ಟಾದ ಮೇಲೆ, ಫೈಲಿಗೆ ಹೊಸ ಹೆಸರು ಬಂದಾಗ ಹೊರಡುವ ‘ಮೂವ್ಡ್ ಟು’ ಸಂಕೇತವನ್ನು ಗಮನಿಸುತ್ತ ಇನೋಟಿಫೈಯಲ್ಲೇ ಮುಂದುವರಿಯಬಹುದಿತ್ತು. ಆದರೆ ಕರೆಂಟ್ ಹೋಗಿ ಸರ್ವರ್ ಮತ್ತೆ ಏಳುವಾಗ, ನನ್ನ ಸ್ಕ್ರಿಪ್ಟ್ ಶುರುವಾಗುವ ಮೊದಲೇ ಬಂದ ಫೈಲಿನ ಸುದ್ದಿಯನ್ನು ಇನೋಟಿಫೈ ಮತ್ತೆ ಹೇಳುವುದಿಲ್ಲ. ಆ ಫೈಲ್ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಕ್ರಾನ್‌ನಿಂದ ಓಡುವ ಸ್ಕ್ರಿಪ್ಟ್ ಯಾವ ಸಂಕೇತಕ್ಕೂ ಕಾಯದೆ ಪ್ರತಿ ನಿಮಿಷ ಫೋಲ್ಡರ್ ತೆರೆದು ನೋಡಿ, ‘ಸಿಎಸ್‌ವಿ’ ಎಂದು ಮುಗಿಯುವ ಹೆಸರುಗಳನ್ನಷ್ಟೇ ಎತ್ತಿಕೊಂಡು, ಖಾತೆಗೆ ಏರಿಸಿದ್ದನ್ನು ಬೇರೆ ಫೋಲ್ಡರ್‌ಗೆ ಸರಿಸುತ್ತದೆ. ಒಂದು ಓಟ ಮುಗಿಯದೆ ಇನ್ನೊಂದು ಶುರುವಾಗದಂತೆ ಎಫ್‌ಲಾಕ್ ಎಂಬ ಬೀಗ ಹಾಕಿದ್ದೇನೆ.

ಕ್ಷಣಕ್ಷಣಕ್ಕೂ ಫೈಲ್ ಬರುವ, ಒಂದು ನಿಮಿಷವನ್ನೂ ಕಾಯಲಾಗದ ಕಡೆ ಇನೋಟಿಫೈಯೇ ಸರಿ. ನಮ್ಮಲ್ಲಿ ದಿನಕ್ಕೆ ಬರುವುದು ಮೂರೇ ಫೈಲ್. ಪರವಾನಗಿ ನವೀಕರಣಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ತೀರ್ಥಹಳ್ಳಿ ಶಾಖೆಯ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆವು.