ಶೇಖ್ ಜೈನುದ್ದೀನರ ಕಬ್ಬಕ್ಕಿ: ಒಂದು ಮುದ್ರಿತ ಪ್ರತಿಯನ್ನು ಕುರಿತು

ಶೇಖ್ ಜೈನುದ್ದೀನ್ 1777ರಲ್ಲಿ ಕಲ್ಕತ್ತೆಯಲ್ಲಿ ಬರೆದ ಕರಿತಲೆ ಕಬ್ಬಕ್ಕಿಯ ಚಿತ್ರದ ಮುದ್ರಿತ ಪ್ರತಿಯೊಂದನ್ನು ಬೆಂಗಳೂರಿನ ಕಲಾಮುದ್ರಣ ಅಂಗಡಿಯೊಂದರಿಂದ ತರಿಸಿಕೊಂಡೆ. ಮೂಲಚಿತ್ರ ಅಮೆರಿಕದ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದಲ್ಲಿದೆ. ಹತ್ತಿಯ ಕಾಗದದ ಮೇಲೆ ಎ3 ಅಳತೆಯಲ್ಲಿ ಮುದ್ರಿಸಿದ ಈ ಪ್ರತಿಗೆ, ಚೌಕಟ್ಟು ಬಿಟ್ಟು, 1,800 ರೂಪಾಯಿ.

ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯವರ ಪತ್ನಿ ಮೇರಿ ಇಂಪೆ ತಮ್ಮ ತೋಟದಲ್ಲಿ ಸಾಕಿದ್ದ ಹಕ್ಕಿ, ಪ್ರಾಣಿಗಳನ್ನು ಬರೆಸುವುದಕ್ಕೆಂದು ಪಾಟ್ನಾದಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ್ ಮತ್ತು ರಾಮ್ ದಾಸ್ ಎಂಬ ಮೂವರು ಕಲಾವಿದರನ್ನು ನೇಮಿಸಿಕೊಂಡಿದ್ದರು. 1777ರಿಂದ 1782ರವರೆಗೆ ಅವರು ಬರೆದ 300ಕ್ಕೂ ಹೆಚ್ಚು ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವೇ. ಮೊಗಲ್ ಚಿತ್ರಶೈಲಿಯಲ್ಲಿ ಪಳಗಿದ ಕೈಗಳು ಇಂಗ್ಲೆಂಡಿನ ವಾಟ್‌ಮನ್ ಕಾಗದದ ದೊಡ್ಡ ಹಾಳೆಗಳ ಮೇಲೆ ಕೆಲಸ ಮಾಡಿದವು. ಹಿನ್ನೆಲೆಯನ್ನು ಬಹುತೇಕ ಖಾಲಿಯಾಗಿಯೇ ಉಳಿಸಿರುವುದರಿಂದ ಮುದ್ರಣದ ಸಣ್ಣ ದೋಷವೂ ಇಲ್ಲಿ ಮರೆಯಾಗುವುದಿಲ್ಲ.

ಈ ಪ್ರತಿಯ ನಿಜವಾದ ಗೆಲುವು ಗೆರೆಗಳಲ್ಲಿದೆ. ಕಬ್ಬಕ್ಕಿಯ ಕಪ್ಪು ಜುಟ್ಟಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳದೆ ಬೇರೆಬೇರೆಯಾಗಿಯೇ ಕಾಣುತ್ತವೆ. ಎಲಚಿ ಕೊಂಬೆಯ ಎಲೆನರಗಳು, ಟಸರ್ ರೇಷ್ಮೆಯ ಬಳಗಕ್ಕೆ ಸೇರಿದ ಎರಡು ಪತಂಗಗಳ ರೆಕ್ಕೆಯ ಮೇಲಿನ ಕಣ್ಣಿನಾಕಾರದ ಚುಕ್ಕೆಗಳು, ಹುಳು ಮತ್ತು ಅದರ ಗೂಡು, ಎಲ್ಲವೂ ಸ್ಪಷ್ಟ. ಹೊಳಪಿಲ್ಲದ ಕಾಗದವನ್ನು ಆರಿಸಿದ್ದು ಸರಿಯಾದ ತೀರ್ಮಾನ.

ಬಣ್ಣದ ವಿಷಯದಲ್ಲಿ ಮಾತ್ರ ನನಗೆ ತೀವ್ರ ಅಸಮಾಧಾನವಿದೆ. ನಮ್ಮ ಊರುಗಳ ಬಯಲಿನಲ್ಲೂ ಕಾಣಸಿಗುವ ಈ ಹಕ್ಕಿಯ ಎದೆ ತಿಳಿಯಾದ ಕೆನೆಗೆಂಪು. ಮುದ್ರಣದಲ್ಲಿ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಕಣ್ಸೆಳೆಯಲೆಂದು ಬಣ್ಣವನ್ನು ಗಾಢಗೊಳಿಸಿರಬೇಕು. ಪಕ್ಷಿವಿಜ್ಞಾನಿ ಜಾನ್ ಲೇಥಮ್ ಇಂಪೆ ಸಂಗ್ರಹದ ಚಿತ್ರಗಳನ್ನು ಹಕ್ಕಿಗಳ ವಿವರಣೆಗೆ ಬಳಸಿಕೊಂಡಿದ್ದರು ಎಂಬುದನ್ನು ನೆನೆದರೆ, ಇಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಮಾಹಿತಿ.

ಅದಕ್ಕಿಂತ ದೊಡ್ಡ ತಪ್ಪೆಂದರೆ ಹಾಳೆಯ ಕೆಳ ಅಂಚನ್ನು ಕತ್ತರಿಸಿರುವುದು. ಇಂಪೆ ಸಂಗ್ರಹದ ಹಾಳೆಗಳಲ್ಲಿ ಸಾಮಾನ್ಯವಾಗಿ ಆ ಜಾಗದಲ್ಲೇ ಕಲಾವಿದರ ಹೆಸರು, ಅವರು ಪಾಟ್ನಾದವರೆಂಬ ಉಲ್ಲೇಖ ಮತ್ತು ಇಸವಿ ಇರುತ್ತವೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಎಷ್ಟೋ ಚಿತ್ರಗಳನ್ನು ಯಾರು ಬರೆದರೆಂಬುದೇ ತಿಳಿಯದಿರುವಾಗ, ಉಳಿದುಬಂದ ಹೆಸರಿನ ಜಾಗವನ್ನು ಚೌಕಟ್ಟಿನ ಅಳತೆಗಾಗಿ ತೆಗೆದುಹಾಕುವುದು ಒಪ್ಪತಕ್ಕದ್ದಲ್ಲ.

ಕೊಳ್ಳುವ ಮನಸ್ಸಿರುವವರು ಇಡೀ ಹಾಳೆಯನ್ನು ಅಂಚುಸಮೇತ ಮುದ್ರಿಸಬೇಕೆಂದೂ ಬಣ್ಣವನ್ನು ತಿದ್ದಬಾರದೆಂದೂ ಮೊದಲೇ ಬರೆದು ತಿಳಿಸಿ, ಸಾಧ್ಯವಾದರೆ ಎ2 ಅಳತೆಯನ್ನೇ ಕೇಳಿ. ಪತಂಗಗಳ ರೆಕ್ಕೆಯ ಕುಸುರಿಗೆ ಎ3 ಸಾಲದು.