ಡೆನಾಲಿ ಹತ್ತಲು ಸ್ನೋಶೂ ಒಳ್ಳೆಯದಾ, ಸ್ಕೀ ಒಳ್ಳೆಯದಾ?

ಅಲಾಸ್ಕಾದ ಡೆನಾಲಿ ಪರ್ವತಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿ ಕಟ್ಟುವ ಅಗಲ ಚೌಕಟ್ಟು) ಹಾಕಿಕೊಂಡು, ಎರಡನೇ ಸಲ ಸ್ಕೀ (ಹಿಮದ ಮೇಲೆ ಜಾರುವ ಉದ್ದ ಪಟ್ಟಿ) ಕಟ್ಟಿಕೊಂಡು. ದಾರಿ ಮಾತ್ರ ಅದೇ, 1951ರಲ್ಲಿ ಬ್ರಾಡ್‌ಫೋರ್ಡ್ ವಾಶ್‌ಬರ್ನ್ ತಂಡ ಮೊದಲು ಹತ್ತಿದ ವೆಸ್ಟ್ ಬಟ್ರೆಸ್.

ಶಿಖರ 6,190 ಮೀಟರ್ ಎತ್ತರದಲ್ಲಿದೆ. ಆದರೆ ಸ್ನೋಶೂನಾ ಸ್ಕೀನಾ ಅನ್ನುವ ಪ್ರಶ್ನೆ ಏಳುವುದು ಕೆಳಗೆ, ಕಹಿಲ್ಟ್ನಾ ಹಿಮನದಿಯ ಮೇಲೆ. ಟಾಲ್ಕೀಟ್ನಾ ಅನ್ನುವ ಊರಿನಿಂದ ಬಂದ ಪುಟ್ಟ ವಿಮಾನ 7,200 ಅಡಿಯಲ್ಲಿ ನಮ್ಮನ್ನು ಇಳಿಸಿ ಹೋಗುತ್ತದೆ. ಅಲ್ಲಿಂದ 11,000 ಅಡಿಯ ಕ್ಯಾಂಪಿನವರೆಗೆ ಬೆನ್ನಿಗೆ ಚೀಲ, ಸೊಂಟಕ್ಕೆ ಕಟ್ಟಿ ಎಳೆಯುವ ಸಾಮಾನಿನ ಜಾರುಬಂಡಿ, ಅಂದರೆ ಸ್ಲೆಡ್. ಆಮೇಲೆ ನಾನು ಎರಡು ಸಲವೂ ಕ್ರ್ಯಾಂಪಾನ್, ಅಂದರೆ ಬೂಟಿನಡಿ ಕಟ್ಟುವ ಲೋಹದ ಮುಳ್ಳು, ಹಾಕಿಕೊಂಡೆ.

ಹತ್ತುವಾಗ ಸ್ಕೀ ಗೆಲ್ಲುತ್ತದೆ, ಅನುಮಾನವೇ ಬೇಡ. ಕಾಲು ಎತ್ತಿ ಇಡುವ ಕೆಲಸ ಇಲ್ಲ, ಸುಮ್ನೆ ಮುಂದಕ್ಕೆ ಜಾರಿಸಿದರೆ ಸಾಕು. ಸ್ಕೀಯ ಕೆಳಭಾಗಕ್ಕೆ ಅಂಟಿಸಿದ ಒರಟು ಪಟ್ಟಿ ಹಿಂದಕ್ಕೆ ಜಾರಲು ಬಿಡುವುದಿಲ್ಲ. ಇನ್ನೊಂದು ದೊಡ್ಡ ಲಾಭ, ಉದ್ದ ಜಾಸ್ತಿ ಇರುವುದರಿಂದ ಮೈಭಾರ ಹರಡಿಕೊಳ್ಳುತ್ತದೆ. ಬಿರುಕುಗಳ ಮೇಲೆ ತೆಳ್ಳಗೆ ಮುಚ್ಚಿದ ಹಿಮದ ಸೇತುವೆ ದಾಟುವಾಗ ಅದು ಎಷ್ಟು ಧೈರ್ಯ ಕೊಡುತ್ತದೆ ಅಂದರೆ, ಸ್ನೋಶೂನಲ್ಲಿ ಉಸಿರು ಬಿಗಿಹಿಡಿದು ದಾಟಿದ ಜಾಗಗಳನ್ನು ಸ್ಕೀಯಲ್ಲಿ ನೆಮ್ಮದಿಯಿಂದ ದಾಟಿದೆ.

ಇಳಿಯುವಾಗ ಕತೆಯೇ ಬೇರೆ. ಮೂವರು ಒಂದೇ ಹಗ್ಗದಲ್ಲಿ, ನಡುನಡುವೆ ಸ್ಲೆಡ್. ಒಬ್ಬರು ತಿರುಗಿದರೆ ಉಳಿದವರೂ ಆಗಲೇ ತಿರುಗಬೇಕು. ಕಾಲಲ್ಲಿ ಪರ್ವತದ ದಪ್ಪ ಬೂಟು, ಅದಕ್ಕೆ ಸ್ಕೀ ಮೇಲೆ ಹಿಡಿತ ಕಡಿಮೆ. 11,000 ಅಡಿಯಿಂದ ಹೊರಟು ಸ್ಕೀ ಹಿಲ್ ಅನ್ನುವ ಇಳಿಜಾರು ಮುಗಿಯುವಷ್ಟರಲ್ಲಿ ನಾಲ್ಕು ಸಲ ಬಿದ್ದೆ. ಒಮ್ಮೆ ನನ್ನ ಹಗ್ಗ ಎಳೆದು ಹಿಂದಿದ್ದ ಗೆಳತಿಯೂ ಬಿದ್ದಳು. ಆಗ ನಿಜಕ್ಕೂ ಹೆದರಿದೆ. ಬಿರುಕುಗಳಿರುವ ಕಡೆ ಇನ್ನೊಬ್ಬರನ್ನು ಬೀಳಿಸುವುದು ಸಣ್ಣ ತಪ್ಪಲ್ಲ.

ಸ್ನೋಶೂನಲ್ಲೂ ಸ್ಲೆಡ್ ಬಂದು ಹಿಮ್ಮಡಿಗೆ ಬಡಿಯುತ್ತದೆ. ಅದರ ಅಡಿಗೆ ಗಂಟು ಹಾಕಿದ ಹಗ್ಗ ಸುತ್ತಿದೆವು, ವೇಗ ತಗ್ಗಿತು. ನಿಧಾನವೇ ಹೌದು. ಇಳಿಜಾರಿನಲ್ಲಿ ಅಡ್ಡಕ್ಕೆ ನಡೆದರೆ ಕಣಕಾಲು ನೋಯುತ್ತದೆ. ಆದರೆ ಎಲ್ಲಿ ಬೇಕಾದರೂ ನಿಲ್ಲಬಹುದು, ಅಲ್ವಾ?

ಚಿಕ್ಕಂದಿನಿಂದ ಹಿಮದಲ್ಲಿ ಜಾರಿ ಬೆಳೆದವರಿಗೆ ಸ್ಕೀಯೇ ಸರಿ. ಬೆಂಗಳೂರಲ್ಲಿ ಬೆಳೆದು ಮೂವತ್ತು ದಾಟಿದ ಮೇಲೆ ಸ್ಕೀ ಕಲಿತ ನನ್ನಂಥವರಿಗೆ ಸ್ನೋಶೂ ಅಂತಲೇ ಹೇಳುತ್ತೇನೆ. ಕೊನೆಯಲ್ಲಿ ವಿಮಾನದ ಜಾಗಕ್ಕೆ ಮರಳಲು ಹಾರ್ಟ್‌ಬ್ರೇಕ್ ಹಿಲ್ ಅನ್ನುವ ಏರು ಹತ್ತಬೇಕು. ಅಲ್ಲಿ ಸ್ನೋಶೂ ಸೀಸದ ಹಾಗೆ ಭಾರವಾಗುತ್ತದೆ. ಆದರೂ ಮೂರನೇ ಸಲ ಹೋದರೆ ಅದನ್ನೇ ಒಯ್ಯುತ್ತೇನೆ.