ಲಿನೋ ಅಚ್ಚಿನ ಕಿಟ್: ಉಳಿ ಉತ್ತಮ, ಮಸಿ ವಿಜಯಪುರದ ಬೇಸಿಗೆಗೆ ತಾಳದು

ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಕೆತ್ತಿ, ಉಬ್ಬಿ ಉಳಿದ ಭಾಗಕ್ಕೆ ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ಪ್ರತಿ ತೆಗೆಯುವುದೇ ಲಿನೋ ಅಚ್ಚು. ವಿಜಯಪುರದ ಗಾಂಧಿ ಚೌಕದ ಸಮೀಪದ ಸ್ಟೇಶನರಿ ಅಂಗಡಿಯಲ್ಲಿ ಕೊಂಡ ಈ ಲಿನೋ ಅಚ್ಚಿನ ಕಿಟ್‌ನಲ್ಲಿ ಒಂದು ಹಿಡಿ, ಅದಕ್ಕೆ ಸಿಕ್ಕಿಸುವ ಐದು ಉಳಿಗಳು, ಎರಡು ಲಿನೋ ಹಾಳೆಗಳು, ಒಂದು ರಬ್ಬರ್ ರೋಲರ್ ಹಾಗೂ ನೀರಿನಲ್ಲಿ ಕರಗುವ ಕಪ್ಪು ಮಸಿಯ ಟ್ಯೂಬ್ ಇವೆ. ಸಾವಿರ ರೂಪಾಯಿಯೊಳಗೆ ಸಿಗುವ ಈ ಕಿಟ್ಟನ್ನು ಅಚ್ಚುಚಿತ್ರ ಕಲಿಯಬೇಕೆನ್ನುವವರು ಧಾರಾಳವಾಗಿ ಕೊಳ್ಳಬಹುದು. ಮಸಿಯೊಂದನ್ನು ಮಾತ್ರ ಬೇರೆ ತರಬೇಕು.

ಇದರ ಹಾಳೆ ಅಸಲಿ ಲಿನೋಲಿಯಂ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ನೆಲಹಾಸಿಗೆಂದು ರೂಪಿಸಿದ ಈ ವಸ್ತುವಿನ ಮೂಲ ಸರಕು ಅಗಸಿ ಎಣ್ಣೆ, ಅಂದರೆ ನಮ್ಮಲ್ಲಿ ರೊಟ್ಟಿಯ ಜೊತೆ ಹಿಂಡಿ ಮಾಡಿ ತಿನ್ನುವ ಅದೇ ಅಗಸಿಯದು. ಆ ಎಣ್ಣೆಗೆ ಕಾರ್ಕ್ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಹರಡಿರುತ್ತಾರೆ. ಕಟ್ಟಿಗೆಯಲ್ಲಿರುವಂತೆ ಎಳೆ ಇದರಲ್ಲಿ ಇಲ್ಲದಿರುವುದರಿಂದ ಉಳಿ ಯಾವ ದಿಕ್ಕಿಗೆ ತಿರುಗಿದರೂ ಒಂದೇ ಸಮನೆ ಸಾಗುತ್ತದೆ. ಹಾಳೆ ಗಡುಸಾಗಿದೆ ಎನಿಸಿದರೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಸಾಕು, ಮೆತ್ತಗಾಗುತ್ತದೆ.

ಪರೀಕ್ಷೆಗೆಂದು ನಾನು ಆರಿಸಿಕೊಂಡದ್ದು ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆ ಗೋರಿಕಟ್ಟಡದಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದಲೇ ಒಳಗೆ ಬರುತ್ತದೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಇಂಥ ಚಿತ್ರಕ್ಕೆ ವಿಶೇಷ ಎಚ್ಚರ ಬೇಕು. ಟ್ರೇಸಿಂಗ್ ಪೇಪರ್ ಮೇಲೆ 2ಬಿ ಪೆನ್ಸಿಲ್‌ನಿಂದ ಬರೆದು, ಬರೆದ ಮುಖವನ್ನು ಲಿನೋ ಮೇಲೆ ಬೋರಲಾಗಿಟ್ಟು, ಹಿಂದಿನಿಂದ ಉಜ್ಜಿದರೆ ಹಾಳೆಯ ಮೇಲೆ ಉಲ್ಟಾ ಚಿತ್ರ ಮೂಡುತ್ತದೆ. ಕಾಗದದ ಮೇಲೆ ಅದು ಸರಿಯಾಗಿ ಬೀಳುತ್ತದೆ. ಅಕ್ಷರಗಳ ಬಳುಕನ್ನು ಕಿರಿದಾದ ವಿ ಆಕಾರದ ಉಳಿ ಅಂಚು ಹರಿಯದಂತೆ ಬಿಡಿಸಿತು. ದೊಡ್ಡ ಖಾಲಿ ಜಾಗಗಳನ್ನು ತೆಗೆಯಲು ಯು ಆಕಾರದ್ದೇ ಸರಿ. ಈ ಬೆಲೆಗೆ ಇಷ್ಟು ಚೂಪಾದ ಉಳಿಗಳನ್ನು ನಾನು ನಿರೀಕ್ಷಿಸಿರಲಿಲ್ಲ.

ಮಸಿಯ ಬಗ್ಗೆ ಈ ಮಾತು ಹೇಳಲಾಗದು. ಬೇಸಿಗೆಯ ಒಣಹವೆಯಲ್ಲಿ, ಅದರಲ್ಲೂ ಫ್ಯಾನ್ ಕೆಳಗೆ, ಗಾಜಿನ ಮೇಲೆ ಹರಡಿದ ಮಸಿ ರೋಲರ್‌ಗೆ ಹತ್ತಿ ಲಿನೋಗೆ ಬರುವಷ್ಟರಲ್ಲೇ ಒಣಗಿ, ಅಚ್ಚಿನಲ್ಲಿ ಬಿಳಿ ಚುಕ್ಕೆಗಳು ಉಳಿಯುತ್ತವೆ. ಎಣ್ಣೆ ಆಧಾರಿತ ಮಸಿ ನಿಧಾನವಾಗಿ ಒಣಗುತ್ತದೆ, ಕಪ್ಪೂ ಗಾಢವಾಗಿ ಬರುತ್ತದೆ. ಅಡುಗೆ ಎಣ್ಣೆಯಿಂದ ಒರೆಸಿ ಸಾಬೂನು ಹಚ್ಚಿದರೆ ರೋಲರ್ ಸ್ವಚ್ಛವಾಗುತ್ತದೆ. ನೀರಿನ ಮಸಿಯನ್ನೇ ಬಳಸಬೇಕೆಂದರೆ ಬೆಳಗಿನ ತಂಪಿನಲ್ಲಿ ಫ್ಯಾನ್ ಆರಿಸಿ ಕೂರುವುದು ಒಳಿತು.

ಕಿಟ್‌ನಲ್ಲಿ ಕಾಗದವಿಲ್ಲ, ಅದು ದೊಡ್ಡ ಕೊರತೆಯೂ ಅಲ್ಲ. ಒರಟು ಮೈಯ ದಪ್ಪ ಡ್ರಾಯಿಂಗ್ ಶೀಟ್ ಬಿಟ್ಟು ನುಣುಪಾದ ತೆಳು ಕಾಗದ ಕೊಂಡು, ಸ್ಟೀಲ್ ಚಮಚದ ಬೆನ್ನಿನಿಂದ ಸಾವಕಾಶವಾಗಿ ಉಜ್ಜಿದರೆ ಪ್ರೆಸ್ ಇಲ್ಲದೆಯೂ ಗೆರೆಗಳು ಖಚಿತವಾಗಿ ಮೂಡುತ್ತವೆ. ಮೊದಲ ಒಂದೆರಡು ಪ್ರತಿ ಮಂಕಾಗಿ ಬಂದರೆ ಗಾಬರಿ ಬೇಡ, ಲಿನೋ ಇನ್ನೂ ಮಸಿ ಹಿಡಿಯುತ್ತಿರುತ್ತದೆ.

ತಯಾರಕರು ಕೊಡಲೇಬೇಕಾಗಿದ್ದ ಒಂದು ವಸ್ತು ಇದರಲ್ಲಿ ಇಲ್ಲ: ಕೆತ್ತುವಾಗ ಹಾಳೆ ಜಾರದಂತೆ ತಡೆಯುವ ಹಲಗೆ. ಶಾಲೆಯ ಮಕ್ಕಳ ಕೈಗೆ ಈ ಕಿಟ್ ಕೊಡುವವರು ಬಡಿಗೇರರಿಂದ ಒಂದು ಹಲಗೆಯ ಒಂದಂಚಿಗೆ ಮೇಲ್ಗಡೆ, ಎದುರಂಚಿಗೆ ಕೆಳಗಡೆ ಪಟ್ಟಿ ಹೊಡೆಸಿಕೊಳ್ಳಲಿ. ಕೆಳಪಟ್ಟಿ ಮೇಜಿನ ಅಂಚಿಗೆ ಸಿಕ್ಕಿ ನಿಲ್ಲುತ್ತದೆ, ಮೇಲ್ಪಟ್ಟಿ ಲಿನೋವನ್ನು ತಡೆಯುತ್ತದೆ, ಮತ್ತು ಹಾಳೆ ಹಿಡಿಯುವ ಕೈ ಯಾವಾಗಲೂ ಉಳಿಯ ಹಿಂದೆಯೇ ಇರುತ್ತದೆ.